ಪಾಯಿಂಟ್ ಟೂ ಟೂ ಸಾಕೇ, ಪಾಯಿಂಟ್ ಥ್ರೀ ಟೂ ಬೇಕೇ?

ಓದುಗರ ಪ್ರಶ್ನೆ: ನನ್ನದು ಸೋಮವಾರಪೇಟೆ ಕಡೆಯ ಊರು. ವಯಸ್ಸು 24, ಕೆಲಸ ಬೆಂಗಳೂರಿನಲ್ಲಿ. ಎರಡೂವರೆ ವರ್ಷದಿಂದ 10 ಮೀಟರ್ ಏರ್ ಪಿಸ್ತೂಲು ಹೊಡೆಯುತ್ತಿದ್ದೇನೆ. ಸ್ಪರ್ಧೆಯಲ್ಲಿ 600ಕ್ಕೆ 538ರಿಂದ 549ರ ನಡುವೆ ಬರುತ್ತದೆ. ಈಗ 25 ಮೀಟರಿಗೆ ಹೋಗುವ ಆಸೆ. ‘.22 ಮಕ್ಕಳ ಆಟ, ಸೀದಾ .32 ತಗೋ, ದೊಡ್ಡ ತೂತು ಬಿದ್ದರೆ ಗೆರೆಗೆ ತಾಗಿ ಅಂಕ ಜಾಸ್ತಿ ಸಿಗುತ್ತೆ’ ಎಂದು ರೇಂಜಿನಲ್ಲಿ ಹಿರಿಯರೊಬ್ಬರು ಹೇಳುತ್ತಾರೆ. ವಿದೇಶದ ವಿಡಿಯೊಗಳಲ್ಲಿ ಎಲ್ಲರ ಕೈಯಲ್ಲೂ 9 ಎಂಎಂ ಕಾಣುತ್ತದೆ. ಮನೆಯಲ್ಲಿ ಅಪ್ಪನ ಪರವಾನಗಿಯ .32 ರಿವಾಲ್ವರ್ ಇದೆ, ಅದರಲ್ಲೇ ಅಭ್ಯಾಸ ಶುರು ಮಾಡಬಹುದೇ? 16 ವರ್ಷದ ತಂಗಿಯೂ ಏರ್ ಪಿಸ್ತೂಲು ಹೊಡೆಯುತ್ತಾಳೆ. ಮುಂದೆ ಇಬ್ಬರಿಗೂ ಒಂದೇ ಪಿಸ್ತೂಲು ಆಗುವಂತಿದ್ದರೆ ಒಳ್ಳೆಯದಿತ್ತು. ತಪ್ಪು ಕ್ಯಾಲಿಬರ್ (ಗುಂಡಿನ ಅಗಲದ ಅಳತೆ; .22, .32 ಎಂಬುದು ಇಂಚಿನಲ್ಲಿ) ಆರಿಸಿ ದುಡ್ಡು ಕಳೆದುಕೊಳ್ಳುವ ಭಯ ನನಗೆ.

ಉತ್ತರ: ನಿಮ್ಮ ಭಯ ಸುಳ್ಳಲ್ಲ. ಈ ಆಟದಲ್ಲಿ ಒಮ್ಮೆ ಕೊಂಡದ್ದನ್ನು ಬದಲಾಯಿಸುವುದು ಬ್ಯಾಟು ಬದಲಾಯಿಸಿದಷ್ಟು ಸುಲಭವಲ್ಲ. ಪರವಾನಗಿ, ಆಮದು, ತೋಟಾ, ಎಲ್ಲಕ್ಕೂ ತಿಂಗಳುಗಟ್ಟಲೆ ಕಾಯಬೇಕು. ಆದರೆ ಇಷ್ಟು ವರ್ಷ ಪಿಸ್ತೂಲು ಕಲಿಸಿದ ಅನುಭವದಿಂದ ಒಂದು ಮಾತು ಹೇಳುತ್ತೇನೆ. ತಪ್ಪು ಕ್ಯಾಲಿಬರ್ ಕೊಂಡು ಸೋತವರನ್ನು ನಾನು ಕಂಡದ್ದು ಕಡಿಮೆ. ಸರಿಯಾದ ಕ್ಯಾಲಿಬರನ್ನೇ ಎರಡು ವರ್ಷ ಮೊದಲು ಕೊಂಡು ಕೈ ಕೆಡಿಸಿಕೊಂಡವರು ಬಹಳ ಮಂದಿ.

ಮೊದಲು ತಿಳಿಯಬೇಕಾದ್ದು, ಕ್ಯಾಲಿಬರನ್ನು ಆರಿಸುವವರು ನೀವಲ್ಲ, ನೀವು ಇಳಿಯುವ ಸ್ಪರ್ಧೆ. ಅಂತರರಾಷ್ಟ್ರೀಯ ಶೂಟಿಂಗ್ ಸಂಸ್ಥೆ ಐಎಸ್‌ಎಸ್‌ಎಫ್ ನಿಯಮದಂತೆ 10 ಮೀಟರಿಗೆ 4.5 ಮಿ.ಮೀ. ಪೆಲೆಟ್ ಮಾತ್ರ. ಮಹಿಳೆಯರ 25 ಮೀಟರ್ ಪಿಸ್ತೂಲು, ಪುರುಷರ ರ‍್ಯಾಪಿಡ್ ಫೈರ್, ಸ್ಟ್ಯಾಂಡರ್ಡ್ ಪಿಸ್ತೂಲು, 50 ಮೀಟರ್ ಪಿಸ್ತೂಲು, ಇವಕ್ಕೆಲ್ಲ 5.6 ಮಿ.ಮೀ., ಅಂದರೆ .22 ಲಾಂಗ್ ರೈಫಲ್ ತೋಟಾ. ಹೆಸರಿನಲ್ಲಿ ರೈಫಲ್ ಇದ್ದರೂ ಪಿಸ್ತೂಲಿಗೂ ಅದೇ. ಇವುಗಳಾಚೆ ಪುರುಷರಿಗೆ 25 ಮೀಟರ್ ಸೆಂಟರ್ ಫೈರ್ ಎಂಬ ಸ್ಪರ್ಧೆಯಿದೆ. ನಿಯಮ ಆಯ್ಕೆಗೆ ಜಾಗ ಬಿಟ್ಟಿರುವುದು ಅಲ್ಲೊಂದರಲ್ಲೇ. 7.62 ಮಿ.ಮೀ.ನಿಂದ 9.65 ಮಿ.ಮೀ.ವರೆಗೆ, ಮ್ಯಾಗ್ನಮ್ ಬಿಟ್ಟು, ಯಾವುದಾದರೂ ಆದೀತು. ಈ ಮಿತಿಯೊಳಗೆ ಬರುವ .32ರ ಬಗ್ಗೆಯೇ ನಿಮ್ಮ ರೇಂಜಿನ ಹಿರಿಯರು ಮಾತಾಡುತ್ತಿರುವುದು.

ಒಲಿಂಪಿಕ್ಸಿನಲ್ಲಿ ಸೆಂಟರ್ ಫೈರ್ ಇಲ್ಲ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ, ನಮ್ಮ ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಇದೆ. ಹಾಗೆಂದು ಅದು ಸಣ್ಣ ಸ್ಪರ್ಧೆಯಲ್ಲ. ಜಸ್ಪಾಲ್ ರಾಣಾ 1994ರ ಹಿರೋಶಿಮಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದದ್ದು ಇದರಲ್ಲೇ. 2006ರಲ್ಲಿ ದೋಹಾದಲ್ಲಿ 590 ಹೊಡೆದು ಅಂದಿನ ವಿಶ್ವದಾಖಲೆ ಸರಿಗಟ್ಟಿದ್ದೂ ಇದರಲ್ಲೇ. ಇನ್ನು .22 ಮಕ್ಕಳ ಆಟ ಎನ್ನುವವರಿಗೆ ವಿಜಯ್ ಕುಮಾರ್ 2012ರಲ್ಲಿ ಲಂಡನ್‌ನಿಂದ ಬೆಳ್ಳಿ ತಂದದ್ದನ್ನು ನೆನಪಿಸಿ. ಸೇನೆಯ ಆ ಶೂಟರ್ ರ‍್ಯಾಪಿಡ್ ಫೈರ್‌ನಲ್ಲಿ ಹಿಡಿದಿದ್ದು .22. ಅದರ ಕೊನೆಯ ಹಂತದಲ್ಲಿ ನಾಲ್ಕು ಸೆಕೆಂಡಿನೊಳಗೆ ಐದು ಗುರಿಗಳಿಗೆ ಐದು ಗುಂಡು ಹೋಗಬೇಕು.

ಇನ್ನು ‘ದೊಡ್ಡ ತೂತು’ ಎಂಬ ನಂಬಿಕೆ. ಕೇಳಲು ತರ್ಕವಿದೆ. ಗುಂಡಿನ ಅಂಚು ಮೇಲಿನ ವೃತ್ತದ ಗೆರೆಗೆ ತಾಗಿದರೆ ಮೇಲಿನ ಅಂಕವೇ ಸಿಗುವುದು ನಿಜ. ಆದರೆ ನಿಯಮ ಬರೆದವರಿಗೆ ಇದು ಗೊತ್ತಿಲ್ಲದ್ದೇನಲ್ಲ. ಸೆಂಟರ್ ಫೈರ್‌ನಲ್ಲಿ ನೀವು ಯಾವ ಅಳತೆಯ ಗುಂಡು ಹೊಡೆದರೂ ಅನುಮಾನದ ತೂತನ್ನು ಅಳೆಯುವ ಗೇಜ್ 9.65 ಮಿ.ಮೀ.ನದು. ನಿಮ್ಮ .32ರ ಗುಂಡು ಸುಮಾರು 7.9 ಮಿ.ಮೀ. ಇದ್ದರೂ ಲೆಕ್ಕಕ್ಕೆ ಬರುವುದು 9.65. ಪಕ್ಕದ ಲೇನಿನವನು .38 ಹೊಡೆದರೆ ಅವನಿಗೂ ಅಷ್ಟೇ. .22ರ ಸ್ಪರ್ಧೆಗಳಲ್ಲಿ ಎಲ್ಲರಿಗೂ 5.6ರ ಗೇಜ್. ಒಂದೇ ಸ್ಪರ್ಧೆಯೊಳಗೆ ತೂತಿನ ಗಾತ್ರದಿಂದ ಯಾರಿಗೂ ಲಾಭವಿಲ್ಲ.

ದೂರ ಹೆಚ್ಚಿತು, ಹಾಗಾಗಿ ಗುಂಡಿನ ಬಲವೂ ಹೆಚ್ಚಬೇಕು ಎಂಬುದು ಇನ್ನೊಂದು ಗ್ರಹಿಕೆ. ನೀವು ಬರೆದಿಲ್ಲ, ಆದರೆ ನಿಮ್ಮ ಹಿರಿಯರ ಮಾತಿನ ಹಿಂದೆ ಇರುವುದು ಇದೇ. ಏರ್ ಪಿಸ್ತೂಲಿನ ಗುರಿಯಲ್ಲಿ ಹತ್ತರ ವೃತ್ತದ ಅಗಲ 11.5 ಮಿ.ಮೀ. ಅದನ್ನು 25 ಮೀಟರಿಗೆ ಎಳೆದರೆ ಸುಮಾರು 29 ಮಿ.ಮೀ. ಆಗುತ್ತದೆ. 25 ಮೀಟರಿನಲ್ಲಿ ನಿಧಾನವಾಗಿ ಹೊಡೆಯುವ ಪ್ರಿಸಿಷನ್ ಹಂತದ ಗುರಿಯಲ್ಲಿ ಹತ್ತರ ವೃತ್ತ 50 ಮಿ.ಮೀ., ಬೇಗ ಹೊಡೆಯುವ ರ‍್ಯಾಪಿಡ್ ಹಂತದ ಗುರಿಯಲ್ಲಿ 100 ಮಿ.ಮೀ. ಅಂದರೆ ನೀವು ಈಗ ಹೊಡೆಯುತ್ತಿರುವ ಹತ್ತೇ ಕಣ್ಣಿಗೆ ಸಣ್ಣದು. ಒಳ್ಳೆಯ .22 ಮ್ಯಾಚ್ ತೋಟಾವನ್ನು ಪಿಸ್ತೂಲು ಕಟ್ಟಿಹಾಕಿ ಹೊಡೆದರೆ 25 ಮೀಟರಿನಲ್ಲಿ ಹತ್ತೂ ಗುಂಡು 50 ಮಿ.ಮೀ.ಗಿಂತ ಬಹಳ ಒಳಗೇ ಕೂರುತ್ತವೆ. ಚಪ್ಪಟೆ ತಲೆಯ ಗುಂಡಿನ .32 ವಾಡ್‌ಕಟರ್ ತೋಟಾ ಕೂಡ ಹಾಗೆಯೇ. ಎಂಟು ಬಿದ್ದರೆ ಅದು ತೋಟಾದ ತಪ್ಪಾಗಿರುವುದು ಅಪರೂಪ.

ಹಾಗಾದರೆ ಕ್ಯಾಲಿಬರಿನಿಂದ ಬದಲಾಗುವುದೇನು? ಕೈಗೆ ಬರುವ ಒದೆತ. ಇದನ್ನು ಬಾಯಿಮಾತಿಗಿಂತ ಲೆಕ್ಕದಲ್ಲಿ ನೋಡುವುದು ವಾಸಿ. ಗುಂಡಿನ ತೂಕವನ್ನು ವೇಗದಿಂದ ಗುಣಿಸಿ. ಏರ್ ಪೆಲೆಟ್ ಅರ್ಧ ಗ್ರಾಂ, ವೇಗ ಸೆಕೆಂಡಿಗೆ 150 ಮೀಟರ್, ಬಂದದ್ದು 75. .22 ಗುಂಡು 2.6 ಗ್ರಾಂ, ಪಿಸ್ತೂಲಿನ ನಳಿಗೆಯಿಂದ 280 ಮೀಟರ್ ಆಸುಪಾಸು, ಸುಮಾರು 730. .32 ವಾಡ್‌ಕಟರ್ 6.4 ಗ್ರಾಂ, ವೇಗ 230, ಸುಮಾರು 1,470. ಸಾಮಾನ್ಯ 9 ಎಂಎಂ 8 ಗ್ರಾಂ, ವೇಗ 350; 2,800. ಮದ್ದಿನ ಅನಿಲದ ತಳ್ಳುವಿಕೆ ಬೇರೆ. ಇಂದು ನಿಮ್ಮ ಮಣಿಕಟ್ಟಿಗೆ ಗೊತ್ತಿರುವ ಒದೆತದ ಹತ್ತು ಪಟ್ಟು .22ರಲ್ಲಿ, ಇಪ್ಪತ್ತು ಪಟ್ಟು .32ರಲ್ಲಿ.

‘ಒದೆತ ಬರುವುದು ಗುಂಡು ಹೋದ ಮೇಲಲ್ಲವೇ’ ಎಂದು ನೀವು ಕೇಳಬಹುದು. ಬಹುಪಾಲು ನಿಜ. ಆದರೆ ಮೈಗೆ ನೆನಪಿದೆ. ಹಿಂದಿನ ಗುಂಡು ಒದ್ದದ್ದು ಗೊತ್ತಿರುವ ಕೈ, ಮುಂದಿನದು ಒದೆಯುವ ಮೊದಲೇ ಬಿಗಿಯುತ್ತದೆ. ಟ್ರಿಗರ್ ಬಿಡುಗಡೆಯಾಗುವ ಕ್ಷಣದಲ್ಲಿ ಮಣಿಕಟ್ಟು ಕೆಳಗೆ ತಳ್ಳುತ್ತದೆ, ಗುಂಡು ಏಳರಲ್ಲೋ ಆರರಲ್ಲೋ ಬೀಳುತ್ತದೆ. ಇದೇ ಫ್ಲಿಂಚ್. ಕೆಟ್ಟ ಸಂಗತಿಯೆಂದರೆ ಅದನ್ನು ಒದೆತವೇ ಮುಚ್ಚಿಹಾಕುತ್ತದೆ. ಮೂತಿ ಮೊದಲು ಕೆಳಗೆ ಹೋದದ್ದು ಹೊಡೆದವನಿಗೆ ಕಾಣುವುದಿಲ್ಲ, ಆಮೇಲೆ ಮೇಲಕ್ಕೆ ಎಗರಿದ್ದು ಮಾತ್ರ ಕಾಣುತ್ತದೆ. ಅವನು ಗುರಿ ಹಿಡಿಯುವ ಸೈಟ್ ತಿರುಗಿಸುತ್ತಾನೆ, ತೋಟಾದ ಬ್ರ್ಯಾಂಡ್ ಬದಲಿಸುತ್ತಾನೆ, ಗ್ರಿಪ್ ಕೆತ್ತುತ್ತಾನೆ.

ಇದನ್ನು ನಾನು ಇನ್ನೊಬ್ಬರಿಂದ ಕೇಳಿ ಹೇಳುತ್ತಿಲ್ಲ. ತರಬೇತಿಯ ಆರಂಭದ ವರ್ಷಗಳಲ್ಲಿ 555ರ ಆಸುಪಾಸಿನ ಒಬ್ಬ ಹುಡುಗನನ್ನು ನಾನೇ ಆತುರಪಟ್ಟು .32ಕ್ಕೆ ಹಾಕಿದೆ. ತಂಡದಲ್ಲಿ ಸೆಂಟರ್ ಫೈರ್‌ಗೆ ಒಬ್ಬ ಬೇಕಾಗಿದ್ದ. ಮೊದಲ ಎರಡು ವಾರ ಚೆನ್ನಾಗಿ ಹೊಡೆದ. ಮೂರನೇ ವಾರದಿಂದ ಸೀರೀಸಿಗೆ ಒಂದೆರಡು ಆರು ಬೀಳತೊಡಗಿದವು. ಮ್ಯಾಗಜಿನ್ನಿನಲ್ಲಿ ಅವನಿಗೆ ತಿಳಿಯದಂತೆ ಮದ್ದಿಲ್ಲದ ಒಂದು ಡಮ್ಮಿ ತೋಟಾ ಸೇರಿಸಿ ಕೊಟ್ಟೆ. ಸರದಿ ಬಂದಾಗ ಟಕ್ ಎಂದಿತು, ಗುಂಡು ಹಾರಲಿಲ್ಲ, ಮೂತಿ ಮಾತ್ರ ಅಂಗೈಯಗಲ ಕೆಳಗೆ ಹೋಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಷ್ಟರಲ್ಲಿ ಅವನ ಏರ್ ಪಿಸ್ತೂಲಿನ ಅಂಕವೂ 530ಕ್ಕೆ ಇಳಿದಿತ್ತು. ಅದನ್ನು ಬಿಡಿಸಲು ಎಂಟು ತಿಂಗಳು ಹಿಡಿಯಿತು. ಆ ಎಂಟು ತಿಂಗಳು ಅವನದು, ತಪ್ಪು ನನ್ನದು. ಅಂದಿನಿಂದ ಯಾರಿಗೂ ಅವಸರದಲ್ಲಿ .32 ಕೊಟ್ಟಿಲ್ಲ.

ಒಂದು ಸೂಕ್ಷ್ಮ ಇಲ್ಲಿದೆ. ಒದೆತ ಹೆಚ್ಚಾದರೆ ಮತ್ತೆ ಗುರಿಗೆ ಬರಲು ಹೊತ್ತಾಗುತ್ತದೆ ಎಂದು ಹಲವರು .32ಕ್ಕೆ ಹೆದರುತ್ತಾರೆ. ಸೆಂಟರ್ ಫೈರ್‌ನಲ್ಲಿ ಆ ಹೆದರಿಕೆಗೆ ಆಧಾರವಿಲ್ಲ. ಪ್ರಿಸಿಷನ್ ಹಂತದಲ್ಲಿ ಐದು ಗುಂಡಿಗೆ ಐದು ನಿಮಿಷ. ರ‍್ಯಾಪಿಡ್ ಹಂತದಲ್ಲಿ ಗುರಿ ಮೂರು ಸೆಕೆಂಡು ತೆರೆದು ಏಳು ಸೆಕೆಂಡು ಮುಚ್ಚಿರುತ್ತದೆ. ಪ್ರತಿ ಸಲ ಒಂದೇ ಗುಂಡು, ಮತ್ತೆ ಕೈ 45 ಡಿಗ್ರಿಗೆ ಇಳಿಸಬೇಕು. ಗುಂಡಿನ ಹಿಂದೆ ಗುಂಡು ಹೋಗಬೇಕಾದ ಸ್ಟ್ಯಾಂಡರ್ಡ್, ರ‍್ಯಾಪಿಡ್ ಫೈರ್ ಎರಡೂ .22ರವೇ. ಹಾಗಾಗಿ .32 ನಿಮ್ಮ ಸಮಯ ಕದಿಯುವುದಿಲ್ಲ. ಟ್ರಿಗರ್ ಎಳೆಯುವಾಗಿನ ನಿಶ್ಚಿಂತೆಯನ್ನು ಕದಿಯುತ್ತದೆ.

ಆ ಟ್ರಿಗರಿನ ಬಗ್ಗೆಯೂ ಹೇಳಬೇಕು. ಏರ್‌ನಲ್ಲಿ ನಿಮ್ಮ ಬೆರಳಿಗೆ ಅಭ್ಯಾಸವಾಗಿರುವುದು 500 ಗ್ರಾಂ. .22 ಇರಲಿ .32 ಇರಲಿ, 25 ಮೀಟರಿನ ಈ ಸ್ಪರ್ಧೆಗಳಲ್ಲಿ ಕನಿಷ್ಠ 1,000 ಗ್ರಾಂ ಬೇಕು. ಸ್ಪರ್ಧೆಗೆ ಮೊದಲು ಪಿಸ್ತೂಲನ್ನು ನೆಟ್ಟಗೆ ಹಿಡಿದು ಟ್ರಿಗರಿಗೆ ಒಂದು ಕಿಲೋ ಬಟ್ಟು ತೂಗುಹಾಕಿ ಎತ್ತಿ ನೋಡುತ್ತಾರೆ. ಏರ್‌ನಿಂದ ಬಂದವರು ಎಡವುವ ಕಲ್ಲು ಕ್ಯಾಲಿಬರಿಗಿಂತ ಮೊದಲು ಇದೇ. ದುಪ್ಪಟ್ಟು ತೂಕ ಎಳೆಯುವಾಗ ಅವರ ಇಡೀ ಅಂಗೈ ಮುಷ್ಟಿಯಾಗಿಬಿಡುತ್ತದೆ. ಈ ಪಾಠವನ್ನು .22ರಲ್ಲಿ ಕಲಿಯಬೇಕು. ಅಲ್ಲಿ ತಪ್ಪು ಮಾಡಿದರೆ ಫ್ರಂಟ್ ಸೈಟ್ ಜಾರಿದ್ದು ಕಣ್ಣಿಗೆ ಕಾಣುತ್ತದೆ.

ಇನ್ನು ಮನೆಯ ರಿವಾಲ್ವರ್. ಬೇಡ. ದಯವಿಟ್ಟು ಅದನ್ನು ಮುಟ್ಟಬೇಡಿ, ಬೆಂಗಳೂರಿಗಂತೂ ತರಲೇಬೇಡಿ. ಪರವಾನಗಿ ತಂದೆಯ ಹೆಸರಿನಲ್ಲಿದೆ. ಮಗ ಅದನ್ನು ಚೀಲದಲ್ಲಿಟ್ಟುಕೊಂಡು ರೇಂಜಿಗೆ ಹೋದರೆ ಅದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ, ನಿಮ್ಮ ಉದ್ದೇಶ ಎಷ್ಟೇ ಒಳ್ಳೆಯದಿರಲಿ. ಕೊಡಗಿನವರಾದ್ದರಿಂದ ಒಂದು ಮಾತು ಸೇರಿಸುತ್ತೇನೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿ ಕೋವಿ ಮತ್ತು ರೈಫಲ್‌ಗೆ ಸಂಬಂಧಿಸಿದ್ದು. ಕೈಲ್ ಪೊಳ್ದ್ ಹಬ್ಬದ ದಿನ ತೆಂಗಿನಕಾಯಿಗೆ ಈಡು ಹೊಡೆಯುವ ಮನೆಯವರು ಪಿಸ್ತೂಲಿಗೂ ಅದೇ ವಿನಾಯಿತಿ ಇದೆ ಎಂದು ತಿಳಿದದ್ದನ್ನು ಕಂಡಿದ್ದೇನೆ. ಹಾಗಿಲ್ಲ.

ಕಾನೂನು ಪಕ್ಕಕ್ಕಿಟ್ಟರೂ ಆ ಆಯುಧ ಈ ಕೆಲಸಕ್ಕೆ ಆಗದು. ರಕ್ಷಣೆಗೆಂದು ಮಾಡಿದ ಗಿಡ್ಡ ನಳಿಗೆಯ ರಿವಾಲ್ವರಿನಲ್ಲಿ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವಿನ ಅಂತರ ತೀರಾ ಕಡಿಮೆ. 25 ಮೀಟರ್ ಪಿಸ್ತೂಲಿನಲ್ಲಿ ಈ ಅಂತರ 220 ಮಿ.ಮೀ.ವರೆಗೆ ಇರಬಹುದು. ಆಗ ಫ್ರಂಟ್ ಸೈಟ್ ಒಂದು ಮಿ.ಮೀ. ಸರಿದರೆ ಗುರಿಯಲ್ಲಿ ಗುಂಡು 114 ಮಿ.ಮೀ. ಸರಿಯುತ್ತದೆ. ಅಂತರ ಅರ್ಧವಾದರೆ ಅದೇ ತಪ್ಪಿಗೆ 227 ಮಿ.ಮೀ. ಆಗುತ್ತದೆ. ಸೈಟ್ ತಿರುಗಿಸಿ ಸರಿಮಾಡೋಣವೆಂದರೆ ಅದು ಕದಲುವುದಿಲ್ಲ. ಇನ್ನೊಂದು ಗೊಂದಲವನ್ನೂ ಇಲ್ಲೇ ತೆಗೆಯುತ್ತೇನೆ. .32 ಎಂದ ಮಾತ್ರಕ್ಕೆ ಎಲ್ಲವೂ ಒಂದೇ ತೋಟಾ ಅಲ್ಲ. ಮ್ಯಾಚ್ ಪಿಸ್ತೂಲಿಗೆ ಬೇಕಾದ್ದು .32 ಎಸ್ ಆ್ಯಂಡ್ ಡಬ್ಲ್ಯು ಲಾಂಗ್ ವಾಡ್‌ಕಟರ್. ಅದರ ಸೀಸದ ಗುಂಡಿಗೆ ಮೂತಿಯೇ ಇಲ್ಲ. ಅದರ ಚಪ್ಪಟೆ ತಲೆ ತೋಟಾದ ಕೋಶದ ಬಾಯಿಗೆ ಸಮನಾಗಿ ಕೂತಿರುತ್ತದೆ, ಕಾಗದದಲ್ಲಿ ಪಂಚ್ ಹೊಡೆದಂತೆ ದುಂಡನೆ ತೂತು ಮಾಡುತ್ತದೆ. ಕಾನ್ಪುರದ ಕಾರ್ಖಾನೆಯ ರಿವಾಲ್ವರಿಗೆ ಕೋಶ ಅದೇ ಆದರೂ ಗುಂಡಿಗೆ ಮೂತಿಯಿರುತ್ತದೆ. ‘ಅಶನಿ’ ಪಿಸ್ತೂಲಿನದು .32 ಎಸಿಪಿ, ಬೇರೆಯದೇ ತೋಟಾ. ಒಂದರದ್ದು ಇನ್ನೊಂದಕ್ಕೆ ಹಾಕುವಂತಿಲ್ಲ.

9 ಎಂಎಂ ವಿಷಯ ಚಿಕ್ಕದು. 9.65ರ ಮಿತಿಯೊಳಗೆ ಬರುವುದರಿಂದ ಸ್ಪರ್ಧೆಯ ಅಳತೆಗೆ ಅದು ಹೊಂದುತ್ತದೆ. ಆದರೆ ಭಾರತದಲ್ಲಿ ಸೇನೆ, ಪೊಲೀಸರು ಬಳಸುವ 9 ಎಂಎಂ ಮತ್ತು .38 ನಿಷೇಧಿತ ಬೋರ್‌ಗಳು, ಸಾಮಾನ್ಯ ಪರವಾನಗಿಗೆ ಸಿಗುವುದಿಲ್ಲ. ವಿಡಿಯೊಗಳಲ್ಲಿ ನೀವು ನೋಡುವುದು ಹೆಚ್ಚಾಗಿ ಐಪಿಎಸ್‌ಸಿ ಎಂಬ ಓಡುತ್ತಾ ಹೊಡೆಯುವ ಆಟ. ಅಲ್ಲಿ ಗುಂಡಿಗೆ ಕನಿಷ್ಠ ಇಷ್ಟು ಬಲ ಇರಲೇಬೇಕೆಂಬ ನಿಯಮವೇ ಇದೆ, ಅದಕ್ಕೇ 9 ಎಂಎಂ. ಒಂದೇ ಕೈಯಲ್ಲಿ ನಿಂತು ಹೊಡೆಯುವ ನಮ್ಮ ಆಟದಲ್ಲಿ ಒದೆತ ಕಡಿಮೆಯಿದ್ದಷ್ಟೂ ಒಳ್ಳೆಯದು. ಹೊರದೇಶಗಳಲ್ಲೂ ಐಎಸ್‌ಎಸ್‌ಎಫ್ ಸೆಂಟರ್ ಫೈರ್‌ಗೆ ಹೆಚ್ಚಿನವರು .32ನ್ನೇ ಹಿಡಿಯುವುದು ಇದಕ್ಕಾಗಿ.

ಈಗ ನಿಮ್ಮ ಮುಂದಿರುವ ದಾರಿಗಳು. ಮೊದಲನೆಯದು, ಏನೂ ಕೊಳ್ಳದೆ ರೇಂಜಿನ ಅಥವಾ ಸಂಸ್ಥೆಯ .22ರಲ್ಲಿ ಅಭ್ಯಾಸ ಆರಂಭಿಸುವುದು, ಏರ್ ಮುಂದುವರಿಸುವುದು. ನನ್ನ ಸಲಹೆ ಇದೇ. ತೊಂದರೆ ಇಲ್ಲದಿಲ್ಲ. ಹತ್ತು ಜನ ಹಿಡಿದ ಗ್ರಿಪ್ ನಿಮ್ಮ ಕೈಗೆ ಕೂರುವುದಿಲ್ಲ, ಒಬ್ಬರು ಸೈಟ್ ತಿರುಗಿಸಿಟ್ಟಿದ್ದರೆ ದಿನವೂ ಸರಿಮಾಡಿಕೊಳ್ಳಬೇಕು, ಸರದಿ ಕಾಯಬೇಕು. ಆದರೂ 25 ಮೀಟರ್ ನಿಮಗೆ ಒಗ್ಗುತ್ತದೆಯೇ ಎಂದು ಲಕ್ಷಗಟ್ಟಲೆ ಸುರಿಯದೆ ತಿಳಿಯಲು ಬೇರೆ ದಾರಿಯಿಲ್ಲ.

ಎರಡನೆಯದು ಸ್ವಂತ .22. ಪರವಾನಗಿಗೆ ಬೆಂಗಳೂರಿನಲ್ಲಾದರೆ ಪೊಲೀಸ್ ಕಮಿಷನರ್, ಜಿಲ್ಲೆಯಲ್ಲಾದರೆ ಜಿಲ್ಲಾಧಿಕಾರಿ. ಒಳ್ಳೆಯ ಮ್ಯಾಚ್ ಪಿಸ್ತೂಲುಗಳು ಪಾರ್ದಿನಿ, ವಾಲ್ಥರ್, ಮೊರಿನಿಯಂಥ ಹೊರದೇಶದ ಕಂಪನಿಗಳವು. ಭಾರತದ ರಾಷ್ಟ್ರೀಯ ರೈಫಲ್ ಸಂಸ್ಥೆ ಎನ್‌ಆರ್‌ಎಐ ನಿಗದಿಪಡಿಸಿದ ಅಂಕ ದಾಟಿ ‘ರಿನೌನ್ಡ್ ಶಾಟ್’ ಆದವರಿಗೆ ಆಮದಿನ ದಾರಿ ಸಲೀಸು. ಅದಕ್ಕೇ ಮೊದಲು ಅಂಕ, ಆಮೇಲೆ ಪಿಸ್ತೂಲು ಎನ್ನುವುದು. .22ರ ದೋಷವೊಂದನ್ನು ಮುಚ್ಚಿಡುವುದಿಲ್ಲ. ಅದು ರಿಮ್ ಫೈರ್, ಸಿಡಿಯುವ ಮದ್ದು ಕೋಶದ ತಳದ ಅಂಚಿನೊಳಗೆ ಹರಡಿರುತ್ತದೆ. ಆ ಅಂಚಿನಲ್ಲಿ ಒಂದು ಕಡೆ ಮದ್ದು ತೆಳುವಾಗಿ, ಪಿನ್ ಅಲ್ಲೇ ಬಡಿದರೆ ತೋಟಾ ಸಿಡಿಯದು. ಅಗ್ಗದ ತೋಟಾದಲ್ಲಿ ಇದು ಹೆಚ್ಚು. ಅಭ್ಯಾಸಕ್ಕೂ ಸ್ಪರ್ಧೆಗೂ ಒಂದೇ ಬ್ರ್ಯಾಂಡ್ ಇಟ್ಟುಕೊಳ್ಳಿ, ‘ಹೈ ವೆಲಾಸಿಟಿ’ ಎಂದು ಬರೆದ ಪೆಟ್ಟಿಗೆಯ ಕಡೆ ನೋಡಬೇಡಿ, ಸ್ಟ್ಯಾಂಡರ್ಡ್ ಸಾಕು.

ಮೂರನೆಯದು, ಒಂದೇ ಹಿಡಿಗೆ .22 ಮತ್ತು .32ರ ಮೇಲ್ಭಾಗ ಎರಡನ್ನೂ ಕೂರಿಸಬಹುದಾದ ಪಿಸ್ತೂಲು. ವಾಲ್ಥರ್ ಜಿಎಸ್‌ಪಿ ಹೀಗೆ ಹೆಸರಾದದ್ದು. ಗ್ರಿಪ್ ಒಂದೇ ಆಗಿ ಉಳಿಯುವುದು ದೊಡ್ಡ ಲಾಭ. ಆದರೆ ಆ ಎರಡನೇ ಮೇಲ್ಭಾಗವೂ ಕಾನೂನಿನ ಕಣ್ಣಿಗೆ ಬಿಡಿಭಾಗವಷ್ಟೇ ಅಲ್ಲ, ಕೊಳ್ಳುವ ಮೊದಲು ಪರವಾನಗಿಯಲ್ಲಿ ಅದಕ್ಕೆ ಜಾಗ ಇದೆಯೇ ಎಂದು ಲಿಖಿತವಾಗಿ ಕೇಳಿಕೊಳ್ಳಿ. .22 ಒಂದನ್ನೇ ಕೊಳ್ಳುವಾಗಲೂ ಮುಂದೆ .32 ಸೇರಿಸಬಹುದಾದ ಮಾದರಿ ಆರಿಸಿದರೆ ನಿಮ್ಮ ದುಡ್ಡಿನ ಚಿಂತೆ ಅರ್ಧ ಕರಗುತ್ತದೆ.

ನಾಲ್ಕನೆಯದು ನಿಮ್ಮ ಹಿರಿಯರು ಹೇಳಿದ ದಾರಿ, ಸೀದಾ .32. ಈ ಅಂಕದಲ್ಲಿ ನಾನು ಒಪ್ಪುವುದಿಲ್ಲ. ಫ್ಲಿಂಚ್ ಒಂದು ಕಾರಣ. ತೋಟಾ ಇನ್ನೊಂದು: ಬೆಲೆ .22ಕ್ಕಿಂತ ಬಹಳ ಹೆಚ್ಚು, ಸಿಗುವುದು ಕಡಿಮೆ. ವಾರಕ್ಕೆ 200 ಗುಂಡು ಹೊಡೆದು ಕಲಿಯಬೇಕಾದ ವಯಸ್ಸಿನಲ್ಲಿ 40 ಎಣಿಸಿ ಹೊಡೆಯುವಂತಾಗುತ್ತದೆ. ಹೊರದೇಶದವರು ಖಾಲಿ ಕೋಶಕ್ಕೆ ಮತ್ತೆ ಮದ್ದು ತುಂಬಿ ಖರ್ಚು ಇಳಿಸುತ್ತಾರೆ. ಇಲ್ಲಿ ಪರವಾನಗಿಯಿಲ್ಲದೆ ಅದನ್ನು ಮಾಡುವಂತಿಲ್ಲ. ಮೊಣಕೈ ನೋವು ಮೂರನೆಯದು. ಭುಜ, ಮುಂಗೈ ಗಟ್ಟಿಯಾಗದೆ .32 ಹೊಡೆದವರು ಫಿಸಿಯೋಥೆರಪಿಗೆ ಹೋದದ್ದನ್ನು ನೋಡಿದ್ದೇನೆ.

ಹಾಗಾದರೆ .32 ಯಾವಾಗ? ನಾನು ಇಟ್ಟುಕೊಂಡಿರುವ ಅಳತೆ ಇದು, ಯಾವ ನಿಯಮಪುಸ್ತಕದ್ದೂ ಅಲ್ಲ. ಏರ್‌ನಲ್ಲಿ ಸತತ ಐದು ಸ್ಪರ್ಧೆ 560 ದಾಟಿರಬೇಕು. .22ರಲ್ಲಿ 60 ಗುಂಡಿನ ಪೂರ್ತಿ ಪಂದ್ಯವನ್ನು ಒಂದೂ ಏಳಿಲ್ಲದೆ ಮುಗಿಸಿರಬೇಕು. ಡಮ್ಮಿ ತೋಟಾ ಬಂದಾಗ ಮೂತಿ ಅಲ್ಲಾಡಬಾರದು. ಇವಿಷ್ಟೂ ಆದ ಮೇಲೆ .32 ಹಿಡಿದರೆ ಸಂತೋಷವೇ ಬೇರೆ. ಅದರ ಒದೆತ ಒರಟಲ್ಲ, ನಿಧಾನವಾಗಿ ತಳ್ಳಿದಂತಿರುತ್ತದೆ. ಎಷ್ಟೋ ಒಳ್ಳೆಯ ಶೂಟರುಗಳಿಗೆ .22ಕ್ಕಿಂತ ಅದರಲ್ಲೇ ಹೆಚ್ಚು ಅಂಕ ಬರುತ್ತದೆ. ವಾರಕ್ಕೆ ಒಂದು ದಿನ ಸಾಕು, ಆ ದಿನವೂ ಕೊನೆಯ ಹತ್ತು ಗುಂಡು .22ರದೇ ಇರಲಿ.

ತಂಗಿಯ ಪ್ರಶ್ನೆಗೆ ಉತ್ತರ ಸುಲಭ. ಐಎಸ್‌ಎಸ್‌ಎಫ್‌ನಲ್ಲಿ ಮಹಿಳೆಯರಿಗೆ ಸೆಂಟರ್ ಫೈರ್ ಇಲ್ಲ. ಅವಳಿಗೆ ಬೇಕಾದ್ದು ಏರ್ ಮತ್ತು .22 ಎರಡೇ. 2018ರ ಏಷ್ಯನ್ ಗೇಮ್ಸ್‌ನಲ್ಲಿ ಕೊಲ್ಹಾಪುರದ ರಾಹಿ ಸರ್ನೋಬತ್ 25 ಮೀಟರ್ ಚಿನ್ನ ಗೆದ್ದದ್ದು .22ರಲ್ಲಿ. ಒಂದೇ ಪಿಸ್ತೂಲನ್ನು ಇಬ್ಬರೂ ಹಂಚಿಕೊಳ್ಳುವ ಯೋಚನೆ ಬಿಡಿ. ಪರವಾನಗಿ ಒಬ್ಬರ ಹೆಸರಿನಲ್ಲಿರುತ್ತದೆ. ಅದಲ್ಲದೆ ಮ್ಯಾಚ್ ಗ್ರಿಪ್ ಚಪ್ಪಲಿಯಿದ್ದಂತೆ, ಅಳತೆ ಅವರವರದೇ. ನಿಮ್ಮ ಕೈಗೆ ಕೂತದ್ದು ಅವಳ ಬೆರಳನ್ನು ಟ್ರಿಗರಿಗೆ ಓರೆಯಾಗಿಸುತ್ತದೆ. ಸದ್ಯ ಏರ್‌ನಲ್ಲೇ ಇರಲಿ. 4.5 ಮಿ.ಮೀ., 20 ಜೌಲ್ ಒಳಗಿನ ಏರ್ ಪಿಸ್ತೂಲಿಗೆ 2016ರ ನಿಯಮಗಳಂತೆ ಪರವಾನಗಿ ಬೇಕಿಲ್ಲ, ಪಂದ್ಯದ ಪಿಸ್ತೂಲುಗಳ ಬಲ 6 ಜೌಲ್ ಆಸುಪಾಸು.

25 ಮೀಟರ್ ಲೇನಿಗೆ ಇಳಿಯುವ ಮೊದಲ ದಿನದಿಂದಲೇ ಕಿವಿಗೆ ರಕ್ಷಣೆ, ಕಣ್ಣಿಗೆ ಕನ್ನಡಕ ಇಬ್ಬರಿಗೂ ಇರಲಿ. .22 ಮೆತ್ತಗೆ ಕೇಳಿಸುತ್ತದೆಂದು ಇಯರ್ ಮಫ್ ತೆಗೆಯುವವರಿದ್ದಾರೆ, ಪಕ್ಕದ ಲೇನಿನಲ್ಲಿ .32 ಹೊಡೆದಾಗ ಗೊತ್ತಾಗುತ್ತದೆ. ಗುಂಡು ಸೀಸದ್ದು, ಸೋಪು ಹಾಕಿ ಕೈ ತೊಳೆಯದೆ ಬನ್ ಮುರಿದು ಬಾಯಿಗಿಡಬೇಡಿ.

ಮುಂದಿನ ಆರು ವಾರ ಹೀಗೆ ಮಾಡಿ ನೋಡಿ. ರೇಂಜಿನ .22ರಲ್ಲಿ, ತೋಟಾ ಇಲ್ಲದೆ ಟ್ರಿಗರ್ ಎಳೆಯಲೆಂದೇ ಇರುವ ಅದರ ಡ್ರೈ ಫೈರ್ ಬಟನ್ ಹಾಕಿಕೊಂಡು, ಬಿಳಿ ಗೋಡೆಗೆ ದಿನಕ್ಕೆ 40 ಸಲ ಟ್ರಿಗರ್ ಬಿಡಿ, ಆಮೇಲೆ 30 ಗುಂಡು ಪ್ರಿಸಿಷನ್ ಮಾತ್ರ. ಅಂಕ ಬರೆದಿಡಬೇಡಿ, ಗುಂಡು ಯಾವ ಕಡೆ ಬಿತ್ತು ಎಂಬುದನ್ನಷ್ಟೇ ಬರೆಯಿರಿ. ಬಲಗೈಯವರಾಗಿದ್ದು ಗುಂಡುಗಳು ಎಡಗೆಳಗೆ ಗುಂಪುಗೂಡುತ್ತಿದ್ದರೆ ಒಂದು ಕಿಲೋ ಟ್ರಿಗರನ್ನು ನೀವು ಇನ್ನೂ ಬೆರಳಿನಲ್ಲಿ ಎಳೆಯುತ್ತಿಲ್ಲ, ಮುಷ್ಟಿಯಲ್ಲಿ ಹಿಂಡುತ್ತಿದ್ದೀರಿ. ಆ ಹಾಳೆಗಳನ್ನು ನನಗೆ ಕಳಿಸಿ, ಪರವಾನಗಿಯ ಅರ್ಜಿ ಆಮೇಲೆ ಬರೆಯೋಣ.